ಬೆಂಚಿನ ಮೇಲೆ ಸರಿ, ತೋಟದಲ್ಲಿ ತಪ್ಪು: ಡ್ರೋನ್‌ನ ರೇಡಾರ್ ಮತ್ತು ಕ್ಯಾಮೆರಾ ಯಾಕೆ ಹೊಂದುತ್ತಿಲ್ಲ?

ಪ್ರಶ್ನೆ: ನಾವು ಶಿವಮೊಗ್ಗ ಕಡೆಯ ಮೂವರು ಎಂಜಿನಿಯರ್‌ಗಳು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ಕಟ್ಟುತ್ತಿದ್ದೇವೆ. ಮೇಲಿಂದ ಹೊಡೆದರೆ ಸೋಗೆ ಅಡ್ಡ ಬಂದು ಗೊನೆಗೆ ಔಷಧಿ ಸರಿಯಾಗಿ ತಾಗುವುದಿಲ್ಲ. ಅದಕ್ಕೇ ಸಾಲುಗಳ ನಡುವೆ, ಗೊನೆಯ ಎತ್ತರದಲ್ಲಿ ಹಾರಿಸುವ ಯೋಚನೆ. ಮುಂಭಾಗದಲ್ಲಿ 77 ಗಿಗಾಹರ್ಟ್ಜ್ ರೇಡಾರ್ ಇದೆ. ಕಳಿಸುವ ಆಂಟೆನಾ ಮೂರು, ಪಡೆಯುವ ಆಂಟೆನಾ ನಾಲ್ಕು. ಅದರ ಮೇಲೆ ರೋಲಿಂಗ್ ಶಟರ್ ಕ್ಯಾಮೆರಾ, ಸೆಕೆಂಡಿಗೆ 30 ಚಿತ್ರ. ಬೆಂಚಿನ ಮೇಲೆ ಇಟ್ಟು ನೋಡಿದರೆ ರೇಡಾರ್ ಚುಕ್ಕಿ (ರೇಡಾರ್ ಕಂಡ ವಸ್ತುವಿಗೆ ಚಿತ್ರದ ಮೇಲೆ ಹಾಕುವ ಗುರುತು) ಎದುರಿನ ಕಂಬದ ಮೇಲೇ ಬೀಳುತ್ತದೆ. ತೋಟದಲ್ಲಿ ಹಾರಿಸಿದರೆ ಮರದ ಪಕ್ಕಕ್ಕೆ ಬೀಳುತ್ತದೆ. ತಿರುಗುವಾಗ ಇನ್ನೂ ಜಾಸ್ತಿ. ಕೆಲವೊಮ್ಮೆ ಎರಡು ಮರಗಳ ನಡುವೆ, ಏನೂ ಇಲ್ಲದ ಕಡೆ ಬೀಳುತ್ತದೆ, ಡ್ರೋನ್ ಸುಮ್ನೆ ಬ್ರೇಕ್ ಹಾಕುತ್ತದೆ. ಚೆಸ್‌ಬೋರ್ಡ್ ಹಾಳೆ ಹಿಡಿದು ಎಷ್ಟು ಸಲ ಕ್ಯಾಲಿಬ್ರೇಟ್ ಮಾಡಿದರೂ (ಅಳತೆ ಹೊಂದಿಸಿದರೂ) ಎರರ್ 0.3 ಪಿಕ್ಸೆಲ್ ಅಷ್ಟೇ. ರೇಡಾರ್ ಮಾರಿದವರು 'ಫ್ಯಾಕ್ಟರಿಯಲ್ಲೇ ಕ್ಯಾಲಿಬ್ರೇಟ್ ಆಗಿದೆ, ಮುಟ್ಟಬೇಡಿ' ಅನ್ನುತ್ತಾರೆ. ಒಬ್ಬ ಸ್ನೇಹಿತ ನ್ಯೂರಲ್ ನೆಟ್‌ವರ್ಕ್‌ಗೆ ಬಿಡಿ ಅನ್ನುತ್ತಾನೆ, ಇನ್ನೊಬ್ಬ ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ತಗೊಳ್ಳಿ ಅನ್ನುತ್ತಾನೆ. ಮಳೆಗಾಲದ ಮೊದಲ ಔಷಧಿಗೆ ಮುಂಚೆ ಇದು ಸರಿಹೋಗಬೇಕು. ಏನು ಮಾಡೋಣ?

ಉತ್ತರ: ನೀವು ಒಂದೇ ತೊಂದರೆ ಅಂದುಕೊಂಡು ಬರೆದಿದ್ದೀರಿ. ನನಗೆ ಅದರಲ್ಲಿ ಮೂರು ಕಾಣುತ್ತಿವೆ. ಚುಕ್ಕಿ ಯಾವಾಗಲೂ ಸ್ವಲ್ಪ ಪಕ್ಕಕ್ಕೆ ಬೀಳುವುದು ಒಂದು. ತಿರುಗುವಾಗ ಜಾಸ್ತಿ ಸರಿಯುವುದು ಇನ್ನೊಂದು. ಎರಡು ಮರಗಳ ನಡುವೆ ಖಾಲಿ ಜಾಗದಲ್ಲಿ ಬೀಳುವುದು ಮೂರನೆಯದು. ನೀವು ಅಂದುಕೊಂಡಿರುವ ಕ್ಯಾಲಿಬ್ರೇಶನ್ ಮೊದಲನೆಯದಕ್ಕೆ ಮಾತ್ರ ಮದ್ದು. ಎರಡನೆಯದು ಸಮಯದ ವಿಷಯ. ಮೂರನೆಯದು ನಿಮ್ಮ ರೇಡಾರ್‌ನ ಮಿತಿ, ಅದನ್ನು ಯಾವ ಕ್ಯಾಲಿಬ್ರೇಶನ್ನೂ ಸರಿಮಾಡುವುದಿಲ್ಲ. ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಮೂರಕ್ಕೂ ಸೇರಿಸಿ 'ಕ್ಯಾಲಿಬ್ರೇಶನ್ ಕೂರುತ್ತಿಲ್ಲ' ಅನ್ನುತ್ತಾರೆ, ಮತ್ತೆ ಅದೇ ಹಾಳೆ ಹಿಡಿದು ನಿಲ್ಲುತ್ತಾರೆ.

ಮೊದಲು ಆ 0.3 ಪಿಕ್ಸೆಲ್ ವಿಷಯ ಮುಗಿಸೋಣ. ಅದು ಕ್ಯಾಮೆರಾದ ಲೆನ್ಸಿನ ಲೆಕ್ಕ ಮಾತ್ರ. ರೇಡಾರ್ ಎಲ್ಲಿದೆ, ಯಾವ ಕಡೆ ನೋಡುತ್ತಿದೆ ಅನ್ನುವುದರ ಬಗ್ಗೆ ಆ ಸಂಖ್ಯೆ ಏನೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಹಾಳೆಯನ್ನು ಚಿತ್ರದ ನಡುವೆಯೇ ಹಿಡಿದಿದ್ದರೆ ಎರರ್ ಚೆನ್ನಾಗಿ ಕಾಣುತ್ತದೆ, ಅಂಚಿನಲ್ಲಿ ಲೆನ್ಸಿನ ಬಾಗು ಮಾತ್ರ ತಪ್ಪಾಗಿಯೇ ಉಳಿದಿರುತ್ತದೆ. ನಾಲ್ಕೂ ಮೂಲೆ ತುಂಬುವ ಹಾಗೆ, ಹಾಳೆಯನ್ನು ಓರೆ ಮಾಡಿಯೂ ಚಿತ್ರ ತೆಗೆಯಿರಿ. ಇನ್ನೆರಡು ಸಂಗತಿ ನೋಡಿಕೊಳ್ಳಿ. ಆಟೋಫೋಕಸ್ ಇದ್ದರೆ ಆಫ್ ಮಾಡಿ, ಫೋಕಸ್ ರಿಂಗಿಗೆ ಒಂದು ಹನಿ ಅಂಟು ಹಾಕಿ. ಡಿಜಿಟಲ್ ಸ್ಟೆಬಿಲೈಸೇಶನ್ ಅನ್ನೂ ಆಫ್ ಮಾಡಿ. ಅದು ಪ್ರತಿ ಚಿತ್ರವನ್ನೂ ಬೇರೆ ಬೇರೆ ರೀತಿ ಕತ್ತರಿಸಿ ಸರಿಸುತ್ತದೆ. ಅದು ಚಾಲೂ ಇರುವವರೆಗೆ ನಿಮ್ಮ ಲೆಕ್ಕಕ್ಕೆ ನೆಲೆಯೇ ಇರುವುದಿಲ್ಲ.

ರೇಡಾರ್ ಮಾರಿದವರ ಮಾತು ಅರ್ಧ ನಿಜ. ಫ್ಯಾಕ್ಟರಿಯಲ್ಲಿ ಆಂಟೆನಾಗಳ ನಡುವಿನ ಫೇಸ್ ವ್ಯತ್ಯಾಸವನ್ನು ಸರಿಪಡಿಸಿರುತ್ತಾರೆ. ಆದರೆ ನೀವು ಅದನ್ನು ಯಾವ ಬ್ರಾಕೆಟ್‌ಗೆ ಕೂರಿಸಿದಿರಿ, ಮುಂದೆ ಯಾವ ಪ್ಲಾಸ್ಟಿಕ್ ಕವರ್ ಹಾಕಿದಿರಿ, ಕ್ಯಾಮೆರಾ ಅದಕ್ಕೆ ಎಷ್ಟು ಓರೆಯಿದೆ, ಇದೆಲ್ಲ ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ಕವರ್ ವಿಷಯ ಸಣ್ಣದಲ್ಲ. 77 ಗಿಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ ಬರೀ 3.9 ಮಿಲಿಮೀಟರ್. ಕವರಿನ ದಪ್ಪ ಆ ವಸ್ತುವಿನೊಳಗಿನ ಅರ್ಧ ಅಲೆಗೆ ಹೊಂದಬೇಕು. ಎಬಿಎಸ್ ಪ್ಲಾಸ್ಟಿಕ್‌ಗೆ ಅದು ಸುಮಾರು 1.2 ಮಿಲಿಮೀಟರ್. ಕೈಗೆ ಸಿಕ್ಕ ದಪ್ಪದಲ್ಲಿ ಪ್ರಿಂಟ್ ಮಾಡಿದ ಕವರ್ ಸಿಗ್ನಲ್ಲನ್ನು ತಿನ್ನುತ್ತದೆ, ಜೊತೆಗೆ ಅಂಚಿನ ಕೋನಗಳನ್ನು ಬಾಗಿಸುತ್ತದೆ. ಕಾರ್ಬನ್ ಫೈಬರ್ ಹಾಳೆಯನ್ನಂತೂ ರೇಡಾರ್ ಮುಂದೆ ಇಡಲೇಬೇಡಿ, ಅದು ಲೋಹದ ಹಾಗೆ ಅಲೆಯನ್ನು ತಡೆಯುತ್ತದೆ.

ಈಗ ಅಳತೆ. ಎರಡು ಸೆನ್ಸರ್‌ಗಳ ನಡುವೆ ಆರು ಸಂಖ್ಯೆ ಗೊತ್ತಾಗಬೇಕು: ಮೂರು ದೂರ, ಮೂರು ಕೋನ. ಎಲ್ಲರೂ ಸ್ಕೇಲ್ ಹಿಡಿದು ದೂರಗಳ ಹಿಂದೆ ಬೀಳುತ್ತಾರೆ. ನಿಮ್ಮ ಕೆಲಸಕ್ಕೆ ಅದು ಅಷ್ಟು ಮುಖ್ಯವಲ್ಲ. ದೂರದಲ್ಲಿ 1 ಸೆಂಟಿಮೀಟರ್ ತಪ್ಪಿದರೆ 8 ಮೀಟರ್ ಆಚೆಗಿನ ಮರದ ಮೇಲೂ ತಪ್ಪು 1 ಸೆಂಟಿಮೀಟರೇ. ಕೋನದಲ್ಲಿ 1 ಡಿಗ್ರಿ ತಪ್ಪಿದರೆ ಅದೇ ಮರದ ಮೇಲೆ 14 ಸೆಂಟಿಮೀಟರ್, 30 ಮೀಟರ್ ಆಚೆ 52 ಸೆಂಟಿಮೀಟರ್. ಅಡಿಕೆ ಮರದ ಕಾಂಡವೇ ಸುಮಾರು 15 ಸೆಂಟಿಮೀಟರ್ ದಪ್ಪ, ಅಲ್ವಾ? ಅಂದರೆ 1 ಡಿಗ್ರಿಗೆ ಚುಕ್ಕಿ ಒಂದು ಕಾಂಡದಷ್ಟು ಪಕ್ಕಕ್ಕೆ ಹೋಯಿತು. ದೂರಗಳನ್ನು ನಿಮ್ಮ ಡ್ರಾಯಿಂಗ್‌ನಿಂದಲೇ ತಗೊಳ್ಳಿ. ಶ್ರಮವನ್ನೆಲ್ಲ ಕೋನಕ್ಕೆ ಹಾಕಿ.

ತಿರುಗುವಾಗ ಜಾಸ್ತಿ ಸರಿಯುತ್ತದೆ ಅಂದಿರಲ್ಲ, ನನ್ನ ಅನುಮಾನವೆಲ್ಲ ಅಲ್ಲಿದೆ. ಡ್ರೋನ್ ಸೆಕೆಂಡಿಗೆ 60 ಡಿಗ್ರಿ ತಿರುಗುತ್ತಿದೆ ಅನ್ನಿ. ರೇಡಾರ್ ಚುಕ್ಕಿ ಮತ್ತು ಚಿತ್ರದ ನಡುವೆ 50 ಮಿಲಿಸೆಕೆಂಡ್ ವ್ಯತ್ಯಾಸ ಇದ್ದರೆ ಅಷ್ಟರಲ್ಲಿ ಡ್ರೋನ್ 3 ಡಿಗ್ರಿ ತಿರುಗಿರುತ್ತದೆ. 8 ಮೀಟರ್ ದೂರದಲ್ಲಿ ಅದು 42 ಸೆಂಟಿಮೀಟರ್, ಸುಮಾರು ಮೂರು ಕಾಂಡದಷ್ಟು. ಬೆಂಚಿನ ಮೇಲೆ ಡ್ರೋನ್ ಅಲ್ಲಾಡುವುದೇ ಇಲ್ಲ, ಹಾಗಾಗಿ ಸಮಯ ಎಷ್ಟು ತಪ್ಪಿದ್ದರೂ ಅಲ್ಲಿ ಕಾಣುವುದಿಲ್ಲ.

50 ಮಿಲಿಸೆಕೆಂಡ್ ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಸುಲಭವಾಗಿ ಬರುತ್ತದೆ. ಹೆಚ್ಚಿನವರು ಡೇಟಾ ಕಂಪ್ಯೂಟರ್‌ಗೆ ತಲುಪಿದ ಹೊತ್ತನ್ನೇ ಟೈಮ್‌ಸ್ಟ್ಯಾಂಪ್ ಮಾಡುತ್ತಾರೆ. ರೇಡಾರ್ ಅಳತೆ ಮುಗಿಸಿ, ಒಳಗೆ ಲೆಕ್ಕ ಹಾಕಿ, ಆಮೇಲೆ ಸೀರಿಯಲ್ ಕೇಬಲ್ಲಿನಲ್ಲಿ ಕಳಿಸುತ್ತದೆ. ಇಂಥ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿರುವ 921600 ಬಾಡ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 92,000 ಬೈಟ್ ಹೋಗುತ್ತದೆ. ಒಂದು ಚುಕ್ಕಿಗೆ 16 ಬೈಟ್ ಅಂದರೆ 20 ಚುಕ್ಕಿಗೆ 3.5 ಮಿಲಿಸೆಕೆಂಡ್, 100 ಚುಕ್ಕಿಗೆ 17 ಮಿಲಿಸೆಕೆಂಡ್. ಇದನ್ನು ಗಮನಿಸಿ: ಖಾಲಿ ಕೋಣೆಯಲ್ಲಿ ಚುಕ್ಕಿ ಕಡಿಮೆ, ತೋಟದಲ್ಲಿ ಸೋಗೆ, ಕಾಂಡ, ನೆಲ ಎಲ್ಲ ಸೇರಿ ಚುಕ್ಕಿ ಜಾಸ್ತಿ. ಹಾಗಾಗಿ ತೋಟದಲ್ಲಿ ತಡವೂ ಜಾಸ್ತಿ, ಅದೂ ಪ್ರತಿ ಸಲ ಬೇರೆ ಬೇರೆ. ಕೋಣೆಯಲ್ಲಿ ಅಳೆದ ಒಂದು ಸ್ಥಿರ ಸಂಖ್ಯೆಯನ್ನು ಕಳೆದರೆ ತೋಟದಲ್ಲಿ ಸರಿಹೋಗುವುದಿಲ್ಲ.

ಕ್ಯಾಮೆರಾ ಕಡೆಯೂ ತಪ್ಪಿದೆ. ರೋಲಿಂಗ್ ಶಟರ್ ಅಂದರೆ ಚಿತ್ರದ ಮೇಲಿನ ಸಾಲು ಮೊದಲು, ಕೆಳಗಿನ ಸಾಲು ಕೊನೆಗೆ ದಾಖಲಾಗುತ್ತದೆ. ನಡುವೆ 20 ಮಿಲಿಸೆಕೆಂಡ್ ಹಿಡಿದರೂ ಆ ತಿರುಗುವ ವೇಗದಲ್ಲಿ 1.2 ಡಿಗ್ರಿ ವ್ಯತ್ಯಾಸ. ನಿಮ್ಮ ರೆಕಾರ್ಡಿಂಗ್ ತೆಗೆದು, ಡ್ರೋನ್ ತಿರುಗುತ್ತಿರುವ ಒಂದು ಫ್ರೇಮನ್ನು ನಿಲ್ಲಿಸಿ ನೋಡಿ. ಅಡಿಕೆ ಮರದಷ್ಟು ನೆಟ್ಟಗೆ ಬೆಳೆಯುವ ಮರ ಇನ್ನೊಂದಿಲ್ಲ. ಅದು ಚಿತ್ರದಲ್ಲಿ ವಾಲಿಕೊಂಡು ಕಂಡರೆ ಕಾರಣ ಗೊತ್ತಾಯಿತು.

ಇದನ್ನು ಅಳೆಯುವ ದಾರಿ ಹೀಗೆ. ಪ್ರೊಪೆಲ್ಲರ್‌ಗಳನ್ನು ಬಿಚ್ಚಿ. ಇದನ್ನು ಮರೆಯಲೇಬಾರದು. 6 ಮೀಟರ್ ಆಚೆ ಒಂದು ಕಾರ್ನರ್ ರಿಫ್ಲೆಕ್ಟರ್ (ರೇಡಾರ್ ಅಲೆಯನ್ನು ತಿರುಗಿಸಿ ಕಳಿಸುವ ಲೋಹದ ಮೂಲೆ, ಮಾಡುವ ಬಗೆ ಮುಂದೆ ಹೇಳುತ್ತೇನೆ), ಅದರ ಜೊತೆಗೆ ಕ್ಯಾಮೆರಾ ಗುರುತಿಸುವ ಕಪ್ಪು ಬಿಳಿ ಚೌಕದ ಏಪ್ರಿಲ್‌ಟ್ಯಾಗ್ ಅಥವಾ ಅರುಕೊ ಗುರುತು ಇಡಿ. ಡ್ರೋನನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾ ಒಂದು ನಿಮಿಷ ರೆಕಾರ್ಡ್ ಮಾಡಿ. ರೇಡಾರ್ ಹೇಳಿದ ಕೋನವನ್ನೂ ಕ್ಯಾಮೆರಾ ಹೇಳಿದ ಕೋನವನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಎರಡು ಅಲೆಗಳು ಸಿಗುತ್ತವೆ. ಒಂದು ಇನ್ನೊಂದಕ್ಕಿಂತ ಬಲಕ್ಕೆ ಸರಿದಿದ್ದರೆ ಅದು ಸಮಯದ ತಪ್ಪು. ಮೇಲೆ ಕೆಳಗೆ ಸರಿದಿದ್ದರೆ ಅದು ಕೂರಿಸಿದ ಕೋನದ ತಪ್ಪು. ಎರಡರ ಎತ್ತರವೇ ಬೇರೆಯಾಗಿದ್ದರೆ ರೇಡಾರ್ ಕವರ್ ಕೋನವನ್ನು ಬಾಗಿಸುತ್ತಿದೆ, ಇಲ್ಲವೇ ಲೆನ್ಸಿನ ಲೆಕ್ಕ ತಪ್ಪಿದೆ. ಒಂದೇ ಗ್ರಾಫ್ ಮೂರನ್ನೂ ಬಿಡಿಸಿ ತೋರಿಸುತ್ತದೆ. ಏನೇ ಆಗಲಿ, ಮೊದಲು ಇದನ್ನು ಮಾಡಿ. ಆಮೇಲೆ ಸುತ್ತಲೂ ಕುರ್ಚಿ, ಬಕೆಟ್, ಬೈಕ್ ಎಲ್ಲ ತಂದಿಟ್ಟು ಚುಕ್ಕಿ ಹೆಚ್ಚಾಗುವ ಹಾಗೆ ಮಾಡಿ ಇನ್ನೊಮ್ಮೆ ಅಳೆಯಿರಿ. ತಡ ಬದಲಾದರೆ ಸಾಫ್ಟ್‌ವೇರ್‌ನಲ್ಲಿ ಕಳೆದು ಪ್ರಯೋಜನವಿಲ್ಲ. ರೇಡಾರ್ ಬೋರ್ಡಿನ ಸಿಂಕ್ ಪಿನ್ನಿನಿಂದ ತಂತಿ ಎಳೆದು ಫ್ರೇಮ್ ಶುರುವಾದ ಕ್ಷಣವನ್ನೇ ಹಿಡಿಯಬೇಕು. ಕ್ಯಾಮೆರಾಕ್ಕೂ ಹಾಗೇ. ಗ್ಲೋಬಲ್ ಶಟರ್ (ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದು) ಮತ್ತು ಹೊರಗಿನ ಟ್ರಿಗರ್ ಎರಡೂ ಇರುವ ಕ್ಯಾಮೆರಾಗೆ ಬದಲಾಯಿಸಿದರೆ ನಿಮ್ಮ ಅರ್ಧ ತಲೆನೋವು ಹೋಗುತ್ತದೆ. ರಾಸ್ಪ್‌ಬೆರಿ ಪೈ 2023ರಲ್ಲಿ ತಂದ ಗ್ಲೋಬಲ್ ಶಟರ್ ಕ್ಯಾಮೆರಾ ಇಂಥದ್ದೇ. ಇಡೀ ಡ್ರೋನ್‌ನಲ್ಲಿ ಒಂದೇ ಬದಲಾವಣೆಗೆ ಹಣ ಇದೆ ಅಂದರೆ ಇದಕ್ಕೇ ಹಾಕಿ ಅನ್ನುತ್ತೇನೆ.

ತಿರುಗದೆ, ನೇರವಾಗಿ ಜೋರಾಗಿ ಹೋಗುವಾಗ ಮಾತ್ರ ಚುಕ್ಕಿ ಹಾರುತ್ತಿದ್ದರೆ ಕಾರಣ ಬೇರೆ. ನಿಮ್ಮ ರೇಡಾರ್ ಮೂರು ಕಳಿಸುವ ಆಂಟೆನಾಗಳನ್ನು ಒಂದಾದ ಮೇಲೆ ಒಂದರಂತೆ ಬಳಸುತ್ತದೆ. ಆ ನಡುವೆ ಡ್ರೋನ್ ಮುಂದೆ ಹೋಗಿರುತ್ತದೆ. ಆ ವ್ಯತ್ಯಾಸವನ್ನು ರೇಡಾರ್ ತಾನು ಅಳೆದ ವೇಗದಿಂದ ಸರಿಪಡಿಸಿಕೊಳ್ಳುತ್ತದೆ. ಆದರೆ ಅದು ಗೊಂದಲವಿಲ್ಲದೆ ಅಳೆಯಬಲ್ಲ ವೇಗಕ್ಕೆ ಮಿತಿ ಇದೆ. ಒಂದು ಚಿರ್ಪ್‌ಗೆ (ರೇಡಾರ್ ಒಮ್ಮೆ ಕಳಿಸುವ ಸಿಗ್ನಲ್‌ಗೆ) 60 ಮೈಕ್ರೋಸೆಕೆಂಡ್ ಅಂದುಕೊಂಡರೆ, ಮೂರು ಆಂಟೆನಾಗೆ ಆ ಮಿತಿ ಸೆಕೆಂಡಿಗೆ ಸುಮಾರು 5.4 ಮೀಟರ್. ಅದನ್ನು ದಾಟಿದರೆ ವೇಗವೂ ತಪ್ಪು, ಕೋನವೂ ತಪ್ಪು. ಎತ್ತರ ಅಳೆಯುವ ಆಂಟೆನಾ ಆಫ್ ಮಾಡಿ ಉಳಿದ ಎರಡನ್ನೇ ಬಳಸಿದರೆ ಮಿತಿ ಸುಮಾರು 8 ಮೀಟರ್‌ಗೆ ಏರುತ್ತದೆ, ಎತ್ತರದ ಮಾಹಿತಿ ಹೋಗುತ್ತದೆ. ಸಾಲಿನ ನಡುವೆ ಔಷಧಿ ಹೊಡೆಯುವಾಗ ಅಷ್ಟು ಜೋರಾಗಿ ಹೋಗುವ ಅಗತ್ಯ ನಿಮಗಿಲ್ಲ. ವೇಗಕ್ಕೆ ಸಾಫ್ಟ್‌ವೇರ್‌ನಲ್ಲೇ ಮಿತಿ ಹಾಕಿ, ಮುಗಿಯಿತು.

ಈಗ ಎರಡು ಮರಗಳ ನಡುವೆ ಬೀಳುವ ಚುಕ್ಕಿ. ಕೆಟ್ಟ ಕ್ಯಾಲಿಬ್ರೇಶನ್ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಕ್ಯಾಲಿಬ್ರೇಶನ್ ಇದ್ದರೂ ಅಲ್ಲೇ ಬೀಳುತ್ತದೆ. ಮೂರು ಕಳಿಸುವ, ನಾಲ್ಕು ಪಡೆಯುವ ಆಂಟೆನಾಗಳ ಇಂಥ ರೇಡಾರ್‌ನಲ್ಲಿ ಅಡ್ಡಡ್ಡ ಕೋನಕ್ಕೆ ಸಿಗುವುದು ಸಾಮಾನ್ಯವಾಗಿ ಎಂಟು ಆಂಟೆನಾಗಳಷ್ಟು ಬಲ. ಅದರಿಂದ ಎರಡು ವಸ್ತುಗಳನ್ನು ಬಿಡಿಸಿ ನೋಡಲು ಅವುಗಳ ನಡುವೆ ಸುಮಾರು 14 ಡಿಗ್ರಿ ಇರಬೇಕು. ಅಡಿಕೆ ಗಿಡಗಳನ್ನು ಸಾಮಾನ್ಯವಾಗಿ 2.7 ಮೀಟರ್ ಅಂತರದಲ್ಲಿ ನೆಡುತ್ತಾರೆ. ಸಾಲುಗಳ ಸರಿ ನಡುವೆ ಹಾರುವಾಗ ಎಡಗಡೆಯ ಮರ, ಬಲಗಡೆಯ ಮರ ಎರಡೂ ಒಂದೇ ದೂರ. ಅವುಗಳ ಕಡೆಗೆ ನೀವು ಹೋಗುವ ವೇಗವೂ ಒಂದೇ. ರೇಡಾರ್ ಮೊದಲು ದೂರದಿಂದ ಬಿಡಿಸುತ್ತದೆ, ಆಮೇಲೆ ವೇಗದಿಂದ, ಕೊನೆಗೆ ಕೋನದಿಂದ. ಇಲ್ಲಿ ಮೊದಲ ಎರಡೂ ಕೈಕೊಟ್ಟವು. 11 ಮೀಟರ್‌ಗಿಂತ ಆಚೆ ಆ ಎರಡು ಮರಗಳ ನಡುವಿನ ಕೋನ 14 ಡಿಗ್ರಿಗಿಂತ ಕಡಿಮೆ, ಹಾಗಾಗಿ ಕೋನವೂ ಕೈಕೊಟ್ಟಿತು. ಎರಡು ಮರ ಸೇರಿ ಒಂದು ಚುಕ್ಕಿ, ಅದೂ ಸರಿಯಾಗಿ ನಿಮ್ಮ ದಾರಿಯ ನಡುವೆ. ಡ್ರೋನ್ ಬ್ರೇಕ್ ಹಾಕದೆ ಏನು ಮಾಡೀತು?

ಪರೀಕ್ಷೆ ಸುಲಭ. ಆ ಚುಕ್ಕಿಯ ಕಡೆಗೆ ನಿಧಾನವಾಗಿ ಹೋಗಿ. 10 ಮೀಟರ್ ಹತ್ತಿರ ಬಂದ ಹಾಗೆ ಅದು ಎರಡಾಗಿ ಒಡೆದು ಎರಡೂ ಮರಗಳ ಕಡೆ ಹೋದರೆ ನಾನು ಹೇಳಿದ್ದೇ ಕಾರಣ. ಪರಿಹಾರವೂ ಹಾರುವ ದಾರಿಯಲ್ಲೇ ಇದೆ. ಸರಿ ನಡುವೆ ಹಾರಬೇಡಿ, ಅರ್ಧ ಮೀಟರ್ ಒಂದು ಕಡೆಗೆ ಸರಿದು ಹಾರಿ. ಆಗ 12 ಮೀಟರ್ ಆಚೆಗಿನ ಎಡ ಬಲ ಮರಗಳ ದೂರದಲ್ಲಿ ಸುಮಾರು 11 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ರೇಡಾರ್ ಬ್ಯಾಂಡ್‌ವಿಡ್ತ್ (ಅದು ಬಳಸುವ ಆವರ್ತನಗಳ ಹರವು) 1 ಗಿಗಾಹರ್ಟ್ಜ್ ಇದ್ದರೆ ದೂರದಲ್ಲಿ 15 ಸೆಂಟಿಮೀಟರ್ ವ್ಯತ್ಯಾಸ ಮಾತ್ರ ಬಿಡಿಸಬಲ್ಲದು, ಸಾಲದು. 2 ಗಿಗಾಹರ್ಟ್ಜ್‌ಗೆ ಏರಿಸಿದರೆ 7.5 ಸೆಂಟಿಮೀಟರ್, ಸಾಕು. ಬ್ಯಾಂಡ್‌ವಿಡ್ತ್ ಏರಿಸಿದರೆ ರೇಡಾರ್ ನೋಡುವ ದೂರ ಕಡಿಮೆಯಾಗುತ್ತದೆ, ಆದರೆ ತೋಟದೊಳಗೆ ನಿಮಗೆ 25 ಮೀಟರ್ ಆಚೆಗಿನ ಮರ ಯಾಕೆ ಬೇಕು?

ಇಷ್ಟಾದ ಮೇಲೆ ಉಳಿಯುವ ತಪ್ಪಿಗೆ ನಿಜವಾದ ಕ್ಯಾಲಿಬ್ರೇಶನ್ ಮಾಡೋಣ.

ಕಾರ್ನರ್ ರಿಫ್ಲೆಕ್ಟರ್ ಅಂದರೆ ಒಂದಕ್ಕೊಂದು ನೆಟ್ಟಗೆ ಜೋಡಿಸಿದ ಮೂರು ಲೋಹದ ತಗಡು, ಕೋಣೆಯ ಮೂಲೆಯ ಆಕಾರ. ಬಂದ ಅಲೆಯನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. 10 ಸೆಂಟಿಮೀಟರ್ ಅಂಚಿನದ್ದನ್ನು ಅಲ್ಯೂಮಿನಿಯಂ ತಗಡಿನಿಂದ ಮಾಡಿಸಿ. ಮೂಲೆಗಳು ಸರಿಯಾಗಿ 90 ಡಿಗ್ರಿ ಇರಬೇಕು, ಬಡಗಿಯ ಮೂಲೆಮಟ್ಟ ಇಟ್ಟು ನೋಡಿ. ಇಷ್ಟು ಸಣ್ಣ ವಸ್ತು ರೇಡಾರ್ ಕಣ್ಣಿಗೆ ಸುಮಾರು 27 ಚದರ ಮೀಟರ್‌ನಷ್ಟು ದೊಡ್ಡದಾಗಿ ಕಾಣುತ್ತದೆ. ಮನುಷ್ಯ ಕಾಣುವುದು ಸುಮಾರು 1 ಚದರ ಮೀಟರ್‌ನಷ್ಟು. ಇನ್ನೂ ದೊಡ್ಡದು ಮಾಡಿದರೆ ಇನ್ನೂ ಒಳ್ಳೆಯದು ಅಂತ ಅನ್ನಿಸಬಹುದು. ಹಾಗಲ್ಲ. ರಿಫ್ಲೆಕ್ಟರ್ ದೊಡ್ಡದಾದಷ್ಟೂ ಅದನ್ನು ದೂರ ಇಡಬೇಕು. 10 ಸೆಂಟಿಮೀಟರಿನದ್ದಕ್ಕೆ ಕನಿಷ್ಠ 5 ಮೀಟರ್ ಬೇಕು, 15 ಸೆಂಟಿಮೀಟರಿನದ್ದಕ್ಕೆ 11 ಮೀಟರ್ ದಾಟುತ್ತದೆ. ಮೇಜಿನ ಮೇಲೆ 2 ಮೀಟರ್ ಆಚೆ ಇಟ್ಟು ಮಾಡಿದ ಕ್ಯಾಲಿಬ್ರೇಶನ್ ನಂಬಬೇಡಿ.

ರಿಫ್ಲೆಕ್ಟರ್ ಮುಂದೆ ಥರ್ಮೋಕೋಲ್ ಹಾಳೆ ನಿಲ್ಲಿಸಿ, ಅದರ ಮೇಲೆ ಏಪ್ರಿಲ್‌ಟ್ಯಾಗ್ ಅಂಟಿಸಿ. ಥರ್ಮೋಕೋಲ್ ರೇಡಾರ್‌ಗೆ ಹೆಚ್ಚುಕಡಿಮೆ ಗಾಜಿನ ಹಾಗೆ, ಅಲೆ ಆಚೆ ಹೋಗುತ್ತದೆ. ಕ್ಯಾಮೆರಾ ಗುರುತನ್ನು ನೋಡುತ್ತದೆ, ರೇಡಾರ್ ಹಿಂದಿನ ಲೋಹವನ್ನು ನೋಡುತ್ತದೆ. ಕ್ರೊಯೇಷಿಯಾದ ಜಾಗ್ರೆಬ್ ವಿಶ್ವವಿದ್ಯಾಲಯದವರು ಲೈಡಾರ್ ಮತ್ತು ರೇಡಾರ್ ಹೊಂದಿಸಲು ಇದೇ ಉಪಾಯ ಬಳಸಿದ್ದರು. ರೇಡಾರ್ ಅಳೆಯುವುದು ಮೂರು ತಗಡು ಸೇರುವ ಒಳಮೂಲೆಯವರೆಗಿನ ದೂರ. ಆದ್ದರಿಂದ ಗುರುತಿನ ನಡುವಿನಿಂದ ಆ ಒಳಮೂಲೆಗೆ ಎಷ್ಟು ದೂರ ಅಂತ ಸರಿಯಾಗಿ ಅಳೆದು ಬರೆದಿಟ್ಟುಕೊಳ್ಳಿ. ಸ್ಟ್ಯಾಂಡ್ ಮರದ್ದೋ ಪಿವಿಸಿಯದ್ದೋ ಇರಲಿ, ಕಬ್ಬಿಣ ಬೇಡ.

ಜಾಗ ಖಾಲಿ ಮೈದಾನ ಆಗಬೇಕು. ತಂತಿ ಬೇಲಿ, ನಿಲ್ಲಿಸಿದ ಕಾರು, ಶೀಟಿನ ಶೆಡ್ ಹತ್ತಿರ ಇರಬಾರದು. ಪ್ರತಿ ಜಾಗದಲ್ಲೂ ರಿಫ್ಲೆಕ್ಟರನ್ನು ಒಮ್ಮೆ ಹಿಂದುಮುಂದಾಗಿ ತಿರುಗಿಸಿ. ಚುಕ್ಕಿ ಮಾಯವಾದರೆ ಅದು ನಿಮ್ಮದೇ. ಮಾಯವಾಗದಿದ್ದರೆ ನೀವು ಇಷ್ಟು ಹೊತ್ತು ಬೇರೆ ಯಾವುದನ್ನೋ ಅಳೆಯುತ್ತಿದ್ದೀರಿ. 6 ರಿಂದ 15 ಮೀಟರ್ ನಡುವೆ, ಎಡ ಬಲ ಅಂಚಿನವರೆಗೂ, ಎತ್ತರ ಬದಲಿಸುತ್ತಾ 25-30 ಜಾಗ ಅಳೆಯಿರಿ. ಅದರಲ್ಲಿ ಐದಾರನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆ ಇಟ್ಟುಕೊಳ್ಳಿ.

ಲೆಕ್ಕ ಹಾಕುವಾಗ ಒಂದು ಎಚ್ಚರ. ರೇಡಾರ್ ಚುಕ್ಕಿಯನ್ನು ಉದ್ದ, ಅಗಲ, ಎತ್ತರ ಮೂರೂ ಸಮಾನ ಅಂತ ನಂಬಿ ಚುಕ್ಕಿಗಳ ನಡುವಿನ ಅಂತರ ಕಡಿಮೆ ಮಾಡಲು ಹೋಗಬೇಡಿ. ಈ ರೇಡಾರ್‌ಗೆ ದೂರ ಚೆನ್ನಾಗಿ ಗೊತ್ತು, ಅಡ್ಡ ಕೋನ ತಕ್ಕಮಟ್ಟಿಗೆ ಗೊತ್ತು, ಎತ್ತರ ಬಹಳ ಕಡಿಮೆ ಗೊತ್ತು. ದೂರ ಮತ್ತು ಅಡ್ಡ ಕೋನದ ತಪ್ಪನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಇದರಿಂದ ಮೂರು ಕೋನಗಳಲ್ಲಿ ಎರಡು ಗಟ್ಟಿಯಾಗಿ ಸಿಗುತ್ತವೆ. ರೇಡಾರ್ ಎಷ್ಟು ಮೇಲೆ ಅಥವಾ ಕೆಳಗೆ ನೋಡುತ್ತಿದೆ ಅನ್ನುವ ಮೂರನೆಯ ಕೋನ ಸಿಗುವುದಿಲ್ಲ. ಸಾಫ್ಟ್‌ವೇರ್ ಅದಕ್ಕೂ ಒಂದು ಸಂಖ್ಯೆ ಕೊಡುತ್ತದೆ, ಆ ಸಂಖ್ಯೆಗೆ ಅರ್ಥವಿಲ್ಲ. ಅದನ್ನು ಹಿಡಿಯಲು ಸಿಗ್ನಲ್ ಬಲ ನೋಡಬೇಕು. ರಿಫ್ಲೆಕ್ಟರನ್ನು ಒಂದೇ ದೂರದಲ್ಲಿ ಇಟ್ಟು, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸುತ್ತಾ, ಪ್ರತಿ ಸಲ ಅದರ ಬಾಯಿ ರೇಡಾರ್ ಕಡೆಗೇ ಇರುವಂತೆ ನೋಡಿಕೊಂಡು, ಬಲ ಬರೆದುಕೊಳ್ಳಿ. ಬಲ ಎಲ್ಲಿ ಅತಿ ಹೆಚ್ಚೋ ಅದು ರೇಡಾರ್‌ನ ನಡುದಾರಿ. ಜಾಗ್ರೆಬ್‌ನವರ ಕೆಲಸದಲ್ಲೂ ಕೊನೆಯ ಹಂತ ಇದೇ ತತ್ವದ್ದು.

ಪರೀಕ್ಷೆಗೆ ಇಟ್ಟ ಜಾಗಗಳಲ್ಲಿ, ನೋಟದ ನಡುಭಾಗದಲ್ಲಿ ತಪ್ಪು 1 ಡಿಗ್ರಿಯೊಳಗೆ ಬಂದರೆ ಅಲ್ಲಿಗೆ ನಿಲ್ಲಿಸಿ. ಇಂಥ ರೇಡಾರ್‌ನಿಂದ ಅದಕ್ಕಿಂತ ಹಿಂಡಲು ಹೋದರೆ ದಿನ ಹೋಗುತ್ತದೆ. ಸರಾಸರಿ ನೋಡಿ ಖುಷಿಪಡಬೇಡಿ, ಕೋನ ಹೆಚ್ಚಿದ ಹಾಗೆ ತಪ್ಪು ಹೇಗೆ ಬದಲಾಗುತ್ತದೆ ಅಂತ ಗ್ರಾಫ್ ಹಾಕಿ. ಅಂಚಿನ ಕಡೆ ಏರುತ್ತಾ ಹೋದರೆ ಮತ್ತೆ ಕವರ್ ಕಡೆ ನೋಡಿ.

ಇಷ್ಟೆಲ್ಲ ಮಾಡಿ ಬ್ರಾಕೆಟ್ ಸಡಿಲ ಇದ್ದರೆ ಎಲ್ಲ ವ್ಯರ್ಥ. 6 ಸೆಂಟಿಮೀಟರ್ ಉದ್ದದ ಬ್ರಾಕೆಟ್ ತುದಿಯಲ್ಲಿ 1 ಮಿಲಿಮೀಟರ್ ಬಾಗಿದರೆ ಸುಮಾರು 1 ಡಿಗ್ರಿ ಹೋಯಿತು. ಪಿಎಲ್ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ್ದು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಡ್ರೋನ್‌ಗೆ, ಒಳಗಿನ ಕಂಪ್ಯೂಟರ್ ಶಾಖವೂ ಸೇರಿದರೆ, ಅದು ದೂರದ ಮಾತಲ್ಲ. ಕ್ಯಾಮೆರಾಕ್ಕೆ ಮಾತ್ರ ರಬ್ಬರ್ ಡ್ಯಾಂಪರ್ ಹಾಕಿ ರೇಡಾರನ್ನು ಫ್ರೇಮಿಗೆ ಬಿಗಿಯುವವರು ಬಹಳ ಜನ. ಆಗ ಹಾರುವಾಗ ಒಂದು ಅಲ್ಲಾಡುತ್ತದೆ, ಇನ್ನೊಂದು ಇಲ್ಲ. ಎರಡನ್ನೂ ಒಂದೇ ಅಲ್ಯೂಮಿನಿಯಂ ಪ್ಲೇಟಿಗೆ ಬಿಗಿಯಿರಿ. ಸಾಧ್ಯವಾದರೆ ತಿರುಗುವ ವೇಗ ಅಳೆಯುವ ಒಂದು ಗೈರೊ ಕೂಡ ಅದೇ ಪ್ಲೇಟಿನ ಮೇಲೆ ಇರಲಿ. ಡ್ಯಾಂಪರ್ ಬೇಕಿದ್ದರೆ ಇಡೀ ಪ್ಲೇಟಿನ ಕೆಳಗೆ ಹಾಕಿ.

ನಿಮ್ಮ ಕೆಲಸಕ್ಕೇ ಸೇರಿದ ಇನ್ನೊಂದು ಮಾತು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ, ಸುಣ್ಣ ಎರಡೂ ಇರುತ್ತವೆ, ಅದು ಬಿದ್ದಲ್ಲಿ ಪದರ ಕಟ್ಟುತ್ತದೆ. ಲೆನ್ಸಿನ ಮೇಲೆ ಬಿದ್ದರೆ ಕಣ್ಣಿಗೆ ಕಾಣುತ್ತದೆ, ಒರೆಸುತ್ತೀರಿ. ರೇಡಾರ್ ಕವರಿನ ಮೇಲೆ ಬಿದ್ದರೆ ಯಾರೂ ಗಮನಿಸುವುದಿಲ್ಲ. ಹಸಿಯಾಗಿರುವಾಗ ನೀರಿನ ಪದರ ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಟ್ಯಾಂಕ್ ತುಂಬುವಾಗ ಎರಡನ್ನೂ ಒರೆಸುವುದು ಅಭ್ಯಾಸವಾಗಲಿ.

ನಿಮ್ಮ ಸ್ನೇಹಿತರ ಸಲಹೆಗಳಿಗೆ ಬರುತ್ತೇನೆ. ನ್ಯೂರಲ್ ನೆಟ್‌ವರ್ಕ್ ಈ ತಪ್ಪುಗಳನ್ನು ಕಲಿತುಕೊಳ್ಳಬಹುದು, ನಿಜ. ಆದರೆ ಅದು ಕಲಿಯುವುದು ಈ ಡ್ರೋನಿನ, ಈ ಬ್ರಾಕೆಟ್ಟಿನ ತಪ್ಪನ್ನು. ನಾಳೆ ಬ್ರಾಕೆಟ್ ಬದಲಾದರೆ ಮತ್ತೆ ಡೇಟಾ, ಮತ್ತೆ ತರಬೇತಿ. ತಪ್ಪು ಎಲ್ಲಿದೆ ಅಂತ ತೋರಿಸುವುದೂ ಇಲ್ಲ. ಮೂವರ ತಂಡಕ್ಕೆ ಈಗ ಇದು ಬೇಡ. ಲೈಡಾರ್ ವಿಷಯದಲ್ಲಿ ಸ್ನೇಹಿತ ಹೇಳಿದ್ದರಲ್ಲಿ ಹುರುಳಿದೆ: ಎರಡು ಮರಗಳನ್ನು ಅದು ಆರಾಮವಾಗಿ ಬಿಡಿಸುತ್ತದೆ, ಕ್ಯಾಮೆರಾ ಜೊತೆ ಹೊಂದಿಸುವುದೂ ಸುಲಭ. ಆದರೆ ನೀವು ಹಾರುವುದೇ ಔಷಧಿಯ ಮಂಜಿನೊಳಗೆ. ಆ ಹನಿಗಳನ್ನೇ ಲೈಡಾರ್ ವಸ್ತು ಅಂದುಕೊಳ್ಳುತ್ತದೆ. ರೇಡಾರ್ ಅದನ್ನು ದಾಟಿ ನೋಡುತ್ತದೆ. ಔಷಧಿ ಡ್ರೋನ್‌ಗೆ ರೇಡಾರ್ ಆರಿಸಿದ್ದು ಸರಿಯಾದ ತೀರ್ಮಾನ, ಅದನ್ನು ಬಿಡಬೇಡಿ. ಮುಂದೆ ಹಣ ಬಂದಾಗ ನಾಲ್ಕು ಚಿಪ್ ಜೋಡಿಸಿದ ರೇಡಾರ್ ನೋಡಬಹುದು. 12 ಕಳಿಸುವ, 16 ಪಡೆಯುವ ಆಂಟೆನಾಗಳಿಂದ ಸುಮಾರು 1.4 ಡಿಗ್ರಿವರೆಗೆ ಬಿಡಿಸುತ್ತದೆ. ಬ್ಯಾಟರಿ ಮತ್ತು ಲೆಕ್ಕದ ಭಾರ ಮಾತ್ರ ಜಾಸ್ತಿ.

ಗುರುತು, ರಿಫ್ಲೆಕ್ಟರ್ ಏನೂ ಇಲ್ಲದೆ ಹಾರಾಟದಿಂದಲೇ ಕ್ಯಾಲಿಬ್ರೇಟ್ ಮಾಡುವ ದಾರಿಯೂ ಇದೆ. ನಿಂತ ವಸ್ತುಗಳ ಡಾಪ್ಲರ್‌ನಿಂದ (ಚಲನೆಯಿಂದ ಅಲೆಯ ಆವರ್ತನದಲ್ಲಾಗುವ ಬದಲಾವಣೆಯಿಂದ) ಡ್ರೋನ್ ತನ್ನದೇ ವೇಗ ಲೆಕ್ಕ ಹಾಕುತ್ತದೆ, ಅದನ್ನು ಕ್ಯಾಮೆರಾ ಕಂಡ ಚಲನೆಗೆ ಹೋಲಿಸಿ ಕೋನ ಕಂಡುಹಿಡಿಯುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದವರು ಜಾಗ್ರೆಬ್‌ನವರ ಜೊತೆ ಸೇರಿ 2021ರಲ್ಲಿ ಇಂಥದ್ದೊಂದನ್ನು ಪ್ರಕಟಿಸಿದ್ದಾರೆ. ಒಳ್ಳೆಯ ವಿಧಾನ. ಆದರೆ ಡ್ರೋನ್ ಎಲ್ಲ ದಿಕ್ಕಿಗೂ ಸಾಕಷ್ಟು ಆಡಬೇಕು. ಸಾಲಿನಲ್ಲಿ ಸುಮ್ನೆ ನೇರ ಹೋಗಿ ಬಂದರೆ ಸಾಕಷ್ಟು ಮಾಹಿತಿ ಇರುವುದಿಲ್ಲ, ಲೆಕ್ಕ ಮಾತ್ರ ಏನೋ ಒಂದು ಉತ್ತರ ಕೊಟ್ಟುಬಿಡುತ್ತದೆ. ಮೈದಾನದ ಅಳತೆ ಆದ ಮೇಲೆ, ದಿನದಿನಕ್ಕೆ ಏನಾದರೂ ಸರಿದಿದೆಯಾ ಅಂತ ನೋಡಲು ಇದನ್ನು ಬಳಸಿ.

ಕೊನೆಗೆ, ನನಗೆ ನಿಜವಾಗಿ ಚಿಂತೆ ಇರುವ ವಿಷಯ. ನಿಮ್ಮ ಡ್ರೋನ್ ಯಾವಾಗ ನಿಲ್ಲಬೇಕು ಅನ್ನುವ ತೀರ್ಮಾನ ಕ್ಯಾಲಿಬ್ರೇಶನ್ ಮೇಲೆ ನಿಂತಿರಬಾರದು. ಮರ ಗುರುತಿಸಿ ಔಷಧಿ ಬಿಡುವುದಕ್ಕೆ ಎರಡೂ ಸೆನ್ಸರ್ ಸೇರಲಿ. ಬ್ರೇಕ್ ಹಾಕುವುದನ್ನು ರೇಡಾರ್ ಒಂದೇ, ಕ್ಯಾಮೆರಾ ಒಪ್ಪಿಗೆಗೆ ಕಾಯದೆ, ಮಾಡಲಿ. ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ ಅಂತ ರೇಡಾರ್ ಚುಕ್ಕಿಯನ್ನು ತಳ್ಳಿಹಾಕುವ ಕೋಡ್ ಇದ್ದರೆ ಇವತ್ತೇ ತೆಗೆಯಿರಿ. ಇಲ್ಲದ ಮರಕ್ಕೆ ಬ್ರೇಕ್ ಹಾಕಿದರೆ ಹೋಗುವುದು ಸ್ವಲ್ಪ ಬ್ಯಾಟರಿ ಅಷ್ಟೇ. ಪಂಪ್‌ಸೆಟ್ಟಿಗೆ ಎಳೆದ ಕರೆಂಟ್ ತಂತಿ ತೋಟಗಳಲ್ಲಿ ಇದ್ದೇ ಇರುತ್ತದೆ. ತಂತಿಗೆ ನೇರ ಅಡ್ಡವಾಗಿ ಬಂದರೆ ರೇಡಾರ್‌ಗೆ ಚೆನ್ನಾಗಿ ಕಾಣುತ್ತದೆ, ಓರೆಯಾಗಿ ಬಂದರೆ ಅಲೆ ಬೇರೆ ಕಡೆ ಹೋಗಿ ಕಾಣದೇ ಹೋಗಬಹುದು. ಸೋಗೆಗಳ ಹಿನ್ನೆಲೆಯಲ್ಲಿ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಹಾಗಾಗಿ ತಂತಿಗಳನ್ನು ತೋಟದ ಮಾಲೀಕರ ಜೊತೆ ನಡೆದು ನೋಡಿ ನಕ್ಷೆಯಲ್ಲಿ ಮೊದಲೇ ಗುರುತು ಹಾಕಿ, ಡ್ರೋನ್ ಆ ಕಡೆ ಹೋಗದಂತೆ ಸಾಫ್ಟ್‌ವೇರ್‌ನಲ್ಲೇ ಬೇಲಿ ಹಾಕಿ. ಪರೀಕ್ಷೆಯ ಹಾರಾಟಗಳಲ್ಲಿ ಟ್ಯಾಂಕಿಗೆ ನೀರು ಮಾತ್ರ ತುಂಬಿ, ತೋಟದೊಳಗೆ ಕೆಲಸದವರು ಇಲ್ಲದ ಹೊತ್ತು ನೋಡಿ. ಜಾಗ ಡ್ರೋನ್ ಹಾರಾಟಕ್ಕೆ ಬಿಟ್ಟಿರುವ ಹಸಿರು ವಲಯದಲ್ಲಿದೆಯಾ ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ: ಮೊದಲು ಒಂದೇ ಪ್ಲೇಟ್, ಆಮೇಲೆ ಕೈಯಲ್ಲಿ ಹಿಡಿದು ತಿರುಗಿಸುವ ಪರೀಕ್ಷೆ, ಆಮೇಲೆ ಟೈಮ್‌ಸ್ಟ್ಯಾಂಪ್, ಕೊನೆಗೆ ಮೈದಾನದಲ್ಲಿ ರಿಫ್ಲೆಕ್ಟರ್. ಇಷ್ಟಾಗಿಯೂ ಚುಕ್ಕಿ ಸರಿಯುತ್ತಿದ್ದರೆ ಆ ತಿರುಗಿಸುವ ಪರೀಕ್ಷೆಯ ಗ್ರಾಫನ್ನು, ರೇಡಾರ್‌ನ ಚಿರ್ಪ್ ಸೆಟ್ಟಿಂಗ್ ಜೊತೆಗೆ, ನನಗೆ ಕಳಿಸಿ.